ಅಂಚಿನ ಬೆಲೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಭತ್ತದ ಗದ್ದೆಗಳಿಗೆಲ್ಲ ಮಣ್ಣಿನ ಅಂಚು ಇರುತ್ತದೆ. ಅಂಚಿನ ಮೇಲೆ ಭತ್ತ ಬೆಳೆಯುವುದಿಲ್ಲ. ಹಾಗೆಂದು ಅದನ್ನು ಕಡಿದು ಗದ್ದೆಯನ್ನು ಹಿಗ್ಗಿಸಲು ಯಾವ ರೈತನೂ ಮುಂದಾಗುವುದಿಲ್ಲ. ನೀರನ್ನು ತಡೆದು ನಿಲ್ಲಿಸುವುದೂ ನಡೆಯುವವನ ಕಾಲಿಗೆ ಎಡೆಗೊಡುವುದೂ ಆ ಅಂಚೇ. ತಾಳೆಯೋಲೆಯ ಮೇಲೆ ಬರೆಯುತ್ತಿದ್ದ ಲಿಪಿಕಾರರೂ ಅಂಚಿನಲ್ಲಿ ಬರಿಯ ಜಾಗವನ್ನು ಬಿಡುತ್ತಿದ್ದರು. ಓಲೆಯ ತುದಿ ಸವೆದರೂ ಅಕ್ಷರವು ಉಳಿಯುತ್ತಿತ್ತು.

ಇಂದಿನ ಮೊಬೈಲ್ ಫೋನುಗಳಲ್ಲಿ ಇಂತಹ ಅಂಚು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದಿದೆ. 2007ರಲ್ಲಿ ಬಂದ ಮೊದಲ ಐಫೋನಿನಲ್ಲಿ ಪರದೆಯ ಮೇಲೂ ಕೆಳಗೂ ಅಗಲವಾದ ಪಟ್ಟಿಗಳಿದ್ದವು. 2017ರ ಐಫೋನ್ ಎಕ್ಸ್‌ನಲ್ಲಿ ಅವು ಬಹುಮಟ್ಟಿಗೆ ಮಾಯವಾದವು. ಇತರ ತಯಾರಕರೂ ಇದೇ ದಾರಿಯನ್ನು ಹಿಡಿದರು. ಅಂಗೈಗೆ ಹಿಡಿಯುವ ಫೋನಿನಲ್ಲಿಯೇ ದೊಡ್ಡ ಚಿತ್ರವನ್ನು ಕಾಣಬಹುದೆಂಬುದು ಇದರ ಲಾಭ. ಆದರೆ ಇದರಿಂದ ಆಗುವ ನಷ್ಟಗಳೂ ಉಂಟು.

ಮೊದಲನೆಯದು ಸ್ಪರ್ಶದ ತೊಡಕು. ಪರದೆಯ ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ ವಿದ್ಯುದ್ವಾಹಕ ಜಾಲವೊಂದಿರುತ್ತದೆ. ಬೆರಳು ತಗುಲಿದ ಎಡೆಯಲ್ಲಿ ವಿದ್ಯುತ್ ಕ್ಷೇತ್ರವು ಬದಲಾಗುತ್ತದೆ. ಫೋನು ಅದನ್ನು ಆಜ್ಞೆಯೆಂದು ತಿಳಿಯುತ್ತದೆ. ಅಂಚಿಲ್ಲದ ಫೋನನ್ನು ಹಿಡಿದಾಗ ಅಂಗೈಯೂ ಪರದೆಗೆ ತಗುಲುತ್ತದೆ. ಹಿಡಿದ ಕೈಯನ್ನೂ ಒತ್ತಿದ ಬೆರಳನ್ನೂ ಬೇರ್ಪಡಿಸಿ ತಿಳಿಯುವ ಏರ್ಪಾಡು ಇದ್ದರೂ ಅದು ಕೆಲವೊಮ್ಮೆ ತಪ್ಪುತ್ತದೆ. ಮಳೆಯ ಹನಿಯೂ ಇದೇ ಬಗೆಯ ಗೊಂದಲವನ್ನು ಉಂಟುಮಾಡುತ್ತದೆ. ಆಷಾಢದ ಜಡಿಮಳೆಯಲ್ಲಿ, ತೋಟದ ನಡುವಿನ ಒಂಟಿಮನೆಯಿಂದ ವೈದ್ಯರನ್ನು ಕರೆಯಬೇಕಾದವನಿಗೆ ಇದು ಸಣ್ಣ ತೊಂದರೆಯಲ್ಲ.

ಎರಡನೆಯದು ಒಡೆಯುವ ಭಯ. ಜಾರಿದ ಫೋನು ಅನೇಕ ವೇಳೆ ಮೂಲೆಯ ಮೇಲೆ ಬೀಳುತ್ತದೆ. ಅಗಲವಾದ ಅಂಚಿದ್ದರೆ ಪೆಟ್ಟಿನ ಒಂದು ಪಾಲನ್ನು ಅದು ತಾಳಿಕೊಳ್ಳುತ್ತದೆ. ಇಲ್ಲದಿದ್ದರೆ ಅದು ಪರದೆಗೇ ಬೀಳುತ್ತದೆ. ಗಾಜೂ ಪರದೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಒಂದು ಮೂಲೆ ಬಿರಿದರೂ ಸಾಮಾನ್ಯವಾಗಿ ಇಡೀ ಪರದೆಯನ್ನು ಬದಲಿಸಬೇಕಾಗುತ್ತದೆ.

ಮೂರನೆಯದು ಸ್ಥಳದ ಅಭಾವ. ಹಿಂದೆ ಮುಂಬದಿಯ ಕ್ಯಾಮೆರಾ, ಬೆಳಕನ್ನು ಅಳೆಯುವ ಸಾಧನ ಮೊದಲಾದವು ಅಂಚಿನಲ್ಲಿ ಅಡಗಿರುತ್ತಿದ್ದವು. ಈಗ ಅವುಗಳಿಗಾಗಿ ಪರದೆಯನ್ನೇ ಕತ್ತರಿಸಿ ಕಿಂಡಿ ಮಾಡಬೇಕಾಗಿದೆ.

ಈ ತೊಂದರೆಗಳಿಗೆ ಜನರು ಕಂಡುಕೊಂಡ ಉಪಾಯವೇನು? ಫೋನನ್ನು ಕೊಂಡೊಡನೆ ಅದಕ್ಕೊಂದು ದಪ್ಪನೆಯ ರಬ್ಬರಿನ ಕವಚವನ್ನು ತೊಡಿಸುತ್ತಾರೆ. ತಯಾರಕನು ತೆಗೆದುಹಾಕಿದ ಅಂಚನ್ನೇ ಕೊಳ್ಳುವವನು ಮತ್ತೆ ಹಣ ತೆತ್ತು ತರುತ್ತಾನೆ. ಬರಿದಾಗಿ ಕಾಣುವುದೆಲ್ಲ ವ್ಯರ್ಥವಲ್ಲವೆಂಬುದನ್ನು ಗದ್ದೆಯ ರೈತನು ಬಹುಕಾಲದ ಹಿಂದೆಯೇ ಅರಿತಿದ್ದನು.