ರಾತ್ರಿ ರೈಲಿನಲ್ಲಿ ಚಾರ್ಜಿಂಗ್ ಏಕಿಲ್ಲ?

ಪ್ರಶ್ನೆ: ಮಲಗುವಾಗ ಮೊಬೈಲ್ ಚಾರ್ಜಿಗೆ ಹಾಕಿದ್ದೆ. ಎದ್ದು ನೋಡಿದರೆ ಏರಿಯೇ ಇರಲಿಲ್ಲ. ರೈಲಿನ ಪ್ಲಗ್ ಕೆಟ್ಟಿತ್ತೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ, ಬಂದ್ ಮಾಡಿರುತ್ತಾರೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗಳಿಗೆ ಕರೆಂಟ್ ಕೊಡಬಾರದೆಂಬ ಸೂಚನೆ 2014ರಿಂದಲೂ ಇದೆ. 2021ರಲ್ಲಿ ಅದನ್ನು ಬಿಗಿಗೊಳಿಸಿದರು. ಬೋಗಿಯ ಮುಖ್ಯ ಬೋರ್ಡಿನಲ್ಲೇ ಆಫ್ ಮಾಡುವುದರಿಂದ ನಿಮ್ಮ ಸೀಟಿನ ಬಳಿಯ ಸ್ವಿಚ್ಚನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ಕಾರಣ ಬೆಂಕಿಯ ಭಯ. 2013ರ ಡಿಸೆಂಬರ್ 28ರ ನಸುಕಿನಲ್ಲಿ, ಬೆಂಗಳೂರಿನಿಂದ ಹೊರಟಿದ್ದ ನಾಂದೇಡ್ ಎಕ್ಸ್‌ಪ್ರೆಸ್ಸಿನ ಎಸಿ ಬೋಗಿಗೆ ಪುಟ್ಟಪರ್ತಿ ಸಮೀಪ ಬೆಂಕಿ ಬಿದ್ದು 26 ಮಂದಿ ತೀರಿಕೊಂಡರು. ನಿದ್ದೆಯ ಹೊತ್ತಿನ ಬೆಂಕಿ ಎಷ್ಟು ಘೋರವೆಂದು ಅಂದು ಕಂಡೆವು. ದಿಂಬಿನಡಿ ಬಿಸಿಯೇರುತ್ತಾ ಬಿದ್ದಿರುವ ಫೋನು, ಸಡಿಲ ಪ್ಲಗ್ಗಿನಲ್ಲಿ ನೇತಾಡುವ ಅಗ್ಗದ ಚಾರ್ಜರು: ಹಗಲಾದರೆ ಯಾರಾದರೂ ಗಮನಿಸುತ್ತಾರೆ, ರಾತ್ರಿ ನೋಡುವವರಿಲ್ಲ. ಹಾಗಾಗಿ ಈ ಕಿರಿಕಿರಿ ನನಗೆ ಒಪ್ಪಿಗೆಯೇ.

ಊಟ ಮಾಡುವಾಗಲೇ ಚಾರ್ಜಿಗೆ ಹಾಕಿಬಿಡಿ. ನೀರು ಕಾಯಿಸುವ ಕೆಟಲ್ ಅಂತೂ ಯಾವ ಹೊತ್ತಿನಲ್ಲೂ ಬೇಡ. ಅಲ್ಲಿ ಸಾಮಾನ್ಯವಾಗಿ ಬರುವುದು 110 ವೋಲ್ಟ್. ಫೋನು, ಲ್ಯಾಪ್‌ಟಾಪಿಗಷ್ಟೇ ಸಾಕಾಗುವ ವ್ಯವಸ್ಥೆ ಅದು.