ಸರೋವರಗಳೇ ಪ್ರಯೋಗಶಾಲೆಯಾದ ಕಾಡು

ಜಲರಸಾಯನವನ್ನು ಅಭ್ಯಾಸಮಾಡುವವನು ನೀರನ್ನು ಸೀಸೆಯಲ್ಲಿ ತುಂಬಿ ತಂದು, ಅದರಲ್ಲಿ ಕರಗಿರುವ ಲವಣವೆಷ್ಟು, ಆಮ್ಲವೆಷ್ಟು, ಪ್ರಾಣವಾಯುವೆಷ್ಟು ಎಂಬುದನ್ನು ಅಳೆಯಬಲ್ಲನು. ಆದರೆ ಮೀನು, ಪಾಚಿ, ಕೆಸರು, ಗಾಳಿ, ಬಿಸಿಲುಗಳೆಲ್ಲ ಪರಸ್ಪರ ಹೆಣೆದುಕೊಂಡಿರುವ ಇಡೀ ಸರೋವರದಲ್ಲಿ ಆ ದ್ರವ್ಯಗಳು ಏನೇನು ಮಾಡುತ್ತವೆಂಬುದನ್ನು ಸೀಸೆಯ ನೀರು ಹೇಳಲಾರದು. ಈ ಕೊರತೆಯನ್ನು ನೀಗಿಸುವುದಕ್ಕಾಗಿ 1968ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತದ ವಾಯವ್ಯ ಭಾಗದ ಅರಣ್ಯದಲ್ಲಿ ಸ್ಥಾಪಿತವಾದ ಸಂಸ್ಥೆಯೇ ಎಕ್ಸ್‌ಪೆರಿಮೆಂಟಲ್ ಲೇಕ್ಸ್ ಏರಿಯಾ. ಊರು ಕಾರ್ಖಾನೆಗಳ ಸೋಂಕಿಲ್ಲದ, ಕಗ್ಗಲ್ಲಿನ ನೆಲದ ಮೇಲೆ ನಿಂತ 58 ಸಣ್ಣ ಸರೋವರಗಳು ಅದರ ಪಾಲಿಗೆ ಬಂದವು. ಸಂಶೋಧಕರು ಅವುಗಳನ್ನು ಗುರುತಿಸುವುದು ಸಂಖ್ಯೆಗಳಿಂದ.

ಆ ಕಾಲದಲ್ಲಿ ಈರಿಯಂಥ ಮಹಾಸರೋವರವೂ ಪಾಚಿಯಿಂದ ಕೆಟ್ಟುಹೋಗುತ್ತಿತ್ತು. ಇದಕ್ಕೆ ಇಂಗಾಲವು ಕಾರಣವೋ, ಸಾರಜನಕವೋ, ಬಟ್ಟೆ ತೊಳೆಯುವ ಪುಡಿಯಿಂದಲೂ ಚರಂಡಿಯಿಂದಲೂ ಬರುವ ರಂಜಕವೋ ಎಂಬ ವಿವಾದವು ಬಲವಾಗಿತ್ತು. ಡೇವಿಡ್ ಷಿಂಡ್ಲರ್ ಮತ್ತು ಅವರ ಸಹೋದ್ಯೋಗಿಗಳು 1973ರಲ್ಲಿ, ನಡು ಕಿರಿದಾಗಿದ್ದ 226ನೆಯ ಸರೋವರಕ್ಕೆ ಅಡ್ಡಲಾಗಿ ನೈಲಾನಿನ ಪರದೆಯನ್ನು ಕಟ್ಟಿ, ಒಂದು ಭಾಗಕ್ಕೆ ಇಂಗಾಲ ಸಾರಜನಕಗಳನ್ನೂ ಇನ್ನೊಂದಕ್ಕೆ ಅವೆರಡರೊಡನೆ ರಂಜಕವನ್ನೂ ಬೆರೆಸಿದರು. ರಂಜಕ ಬಿದ್ದ ಭಾಗವೆಲ್ಲ ಹಸುರುಗಟ್ಟಿತು; ಪರದೆಯ ಈಚೆಯ ನೀರು ಮೊದಲಿನ ಕಪ್ಪುಬಣ್ಣದಲ್ಲಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಛಾಯಾಚಿತ್ರವು ಪುಟಗಟ್ಟಲೆ ವರದಿಗಳಿಗಿಂತ ಸ್ಪಷ್ಟವಾಗಿ ಮಾತನಾಡಿ, ರಂಜಕದ ನಿಯಂತ್ರಣಕ್ಕೆ ಸರ್ಕಾರಗಳನ್ನು ಒಪ್ಪಿಸುವುದರಲ್ಲಿ ನೆರವಾಯಿತು.

ಇನ್ನೂ ಸೂಕ್ಷ್ಮವಾದ ಪಾಠವನ್ನು ಕಲಿಸಿದುದು 223ನೆಯ ಸರೋವರ. ಆಮ್ಲವೃಷ್ಟಿಯ ಪರಿಣಾಮವನ್ನರಿಯಲು 1976ರಿಂದ ಅದಕ್ಕೆ ಗಂಧಕಾಮ್ಲವನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಸೇರಿಸಿ, ಸುಮಾರು 6.8ರಷ್ಟಿದ್ದ ಪಿಎಚ್ ಮಾನವನ್ನು ಕ್ರಮೇಣ 5ರ ಸಮೀಪಕ್ಕೆ ಇಳಿಸಲಾಯಿತು. ದೊಡ್ಡ ಟ್ರೌಟ್ ಮೀನುಗಳು ಆಮ್ಲದಿಂದ ನೇರವಾಗಿ ಸಾಯಲಿಲ್ಲ. ಅವುಗಳಿಗೆ ಆಹಾರವಾಗಿದ್ದ ಪುಟ್ಟ ಸೀಗಡಿಗಳೂ ಮರಿಮೀನಿನ ಗಾತ್ರದ ಮಿನ್ನೋಗಳೂ ಮೊದಲೇ ಅಳಿದುಹೋದುದರಿಂದ, ದಪ್ಪ ತಲೆಗೆ ಬಡಕಲು ಮೈ ಅಂಟಿಕೊಂಡು ಅವು ಹಸಿವಿನಿಂದ ಕೃಶವಾದವು, ಮರಿಮಾಡುವುದನ್ನೂ ನಿಲ್ಲಿಸಿದವು. ಒಂದೊಂದೇ ಜಾತಿಯ ಮೀನನ್ನು ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದ್ದರೆ ಈ ಸತ್ಯವು ಹೊರಬೀಳುತ್ತಿರಲಿಲ್ಲ.

ಅತ್ಯಲ್ಪ ಪ್ರಮಾಣದ ವಿಷವೂ ಹಾನಿಮಾಡಬಲ್ಲದೆಂಬುದನ್ನು 260ನೆಯ ಸರೋವರವು ತೋರಿಸಿತು. ಗರ್ಭನಿರೋಧಕ ಗುಳಿಗೆಗಳಲ್ಲಿರುವ ಕೃತಕ ಈಸ್ಟ್ರೊಜೆನ್ ಹಾರ್ಮೋನು 2001ರಿಂದ 2003ರವರೆಗೆ ಸಂಶೋಧಕರು ಸೇರಿಸಿದುದರಿಂದ ಅಲ್ಲಿ ಲೀಟರಿಗೆ ಐದಾರು ನ್ಯಾನೊಗ್ರಾಮಿನಷ್ಟು ಇದ್ದಿತು. ಒಂದು ನ್ಯಾನೊಗ್ರಾಮ್ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ. ಅಷ್ಟರಿಂದಲೇ ಗಂಡು ಮಿನ್ನೋಗಳಲ್ಲಿ ಸ್ತ್ರೀಲಕ್ಷಣಗಳು ತಲೆದೋರಿ, ಅವುಗಳ ಸಂತತಿಯೇ ಹೆಚ್ಚುಕಡಮೆ ನಶಿಸುವ ಸ್ಥಿತಿಗೆ ಬಂದಿತು. ಹಾರ್ಮೋನು ಸೇರಿಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಅವು ಮತ್ತೆ ಹೆಚ್ಚಿದುವೆಂಬುದು ಆಶಾದಾಯಕವಾದ ಸಂಗತಿ.

ಇಂಥ ಫಲಗಳ ಹಿಂದಿರುವ ನಿತ್ಯದ ಕೆಲಸವು ಬಹಳ ಸರಳ. ದೋಣಿಯಲ್ಲಿ ಹೋಗಿ, ಕಪ್ಪುಬಿಳುಪಿನ ತಟ್ಟೆಯೊಂದನ್ನು ಹಗ್ಗದಿಂದ ನೀರಿಗಿಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳುವುದು. ಆಳ ಆಳದ ನೀರನ್ನು ಬೇರೆ ಬೇರೆಯಾಗಿ ಸಂಗ್ರಹಿಸುವುದು. ಇದನ್ನು ದಶಕಗಳ ಕಾಲ ಬಿಡದೆ ನಡೆಸುವುದು. 2012ರಲ್ಲಿ ಕೆನಡಾದ ಕೇಂದ್ರ ಸರ್ಕಾರವು ಸಹಾಯಧನವನ್ನು ನಿಲ್ಲಿಸಲು ಹೊರಟಾಗ ವಿಜ್ಞಾನಿಗಳೂ ನಾಗರಿಕರೂ ಪ್ರತಿಭಟಿಸಿದುದು, 2014ರಲ್ಲಿ ವಿನಿಪೆಗ್ ನಗರದ ಸುಸ್ಥಿರ ಅಭಿವೃದ್ಧಿ ಸಂಸ್ಥೆಯೊಂದು ಈ ಹೊಣೆಯನ್ನು ವಹಿಸಿಕೊಂಡುದು, ಆ ನಿರಂತರತೆಯ ಬೆಲೆಯನ್ನರಿತೇ. ಈ ಪಾಠ ನಮಗೂ ಬೇಕು. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆಯುಕ್ಕಿದಾಗ ನಾವು ಬೆಚ್ಚಿಬಿದ್ದೆವು. ಆದರೆ ನೊರೆ ಏಳುವುದಕ್ಕೆ ಬಹು ಮುನ್ನವೇ ನೀರಿನ ರಸಾಯನವು ಕೆಟ್ಟಿರುತ್ತದೆ. ಕೆರೆಯನ್ನು ಉಳಿಸಬೇಕೆಂಬ ನಾಡು, ಕೆರೆ ಚೆನ್ನಾಗಿರುವಾಗಲೇ ಅದನ್ನು ಅಳೆಯುವ ಜನರನ್ನು ಸಾಕಬೇಕು.