ಪದಚ್ಯುತನಾದ ಜನನಾಯಕನ ಬಲ

ಅಧಿಕಾರವು ಪೀಠದಲ್ಲಿದೆಯೆಂದೂ, ಪೀಠದಿಂದಿಳಿದವನ ಮಾತನ್ನು ಕೇಳುವವರಿಲ್ಲವೆಂದೂ ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಆದರೆ ಪೀಠವನ್ನು ಕಳೆದುಕೊಂಡು, ದೇಶವನ್ನೇ ಬಿಟ್ಟು, ಸಾವಿರಾರು ಮೈಲಿಗಳಾಚೆ ಕುಳಿತ ಒಬ್ಬ ಮನುಷ್ಯನು, ಹದಿನೇಳು ವರ್ಷಗಳ ಕಾಲ ತನ್ನ ದೇಶದಲ್ಲಿ ಯಾರೂ ನೆಮ್ಮದಿಯಿಂದ ಆಳದಂತೆ ಮಾಡಿ, ಕೊನೆಗೆ ಅದೇ ಪೀಠಕ್ಕೆ ಹಿಂದಿರುಗಿದ ಉದಾಹರಣೆಯೊಂದು ಚರಿತ್ರೆಯಲ್ಲಿದೆ. ದಕ್ಷಿಣ ಅಮೆರಿಕದ ಆರ್ಜೆಂಟೀನಾ ದೇಶದ ಹ್ವಾನ್ ಪೆರೋನನೇ ಆ ಮನುಷ್ಯ. ಸೋತ ನಾಯಕನ ಬಲವು ಎಲ್ಲಿ ಅಡಗಿರುತ್ತದೆ, ಅದಕ್ಕೆ ಯಾರು ಬೆಲೆ ತೆರುತ್ತಾರೆ ಎಂಬುದನ್ನು ಆತನ ಚರಿತ್ರೆಯ ಮೂಲಕ ಈಗ ವಿಚಾರಮಾಡೋಣ.

ಸೋತವನಿಗೆ ಜನರು ಏಕೆ ಅಂಟಿಕೊಂಡಿರುತ್ತಾರೆ? ಅವರು ಅಜ್ಞಾನಿಗಳು, ಮಾತಿನ ಮೋಡಿಗೆ ಮರುಳಾದವರು ಎಂದು ವಿದ್ಯಾವಂತರಾದ ನಾವು ಸುಲಭವಾಗಿ ಹೇಳಿಬಿಡುವುದುಂಟು. ಈ ಉತ್ತರದಲ್ಲಿ ತಿಳಿವಳಿಕೆಗಿಂತ ತಾತ್ಸಾರವೇ ಹೆಚ್ಚು. ೧೯೪೩ರ ಸೈನಿಕ ಕ್ರಾಂತಿಯ ಬಳಿಕ ಕರ್ನಲ್ ಪೆರೋನನು ಕಾರ್ಮಿಕ ಇಲಾಖೆಯನ್ನು ವಹಿಸಿಕೊಂಡನು. ಯಾರಿಗೂ ಬೇಡವಾಗಿದ್ದ ಆ ಇಲಾಖೆಯಿಂದಲೇ ಆತನು ಕಾರ್ಮಿಕ ನ್ಯಾಯಸ್ಥಾನಗಳನ್ನೂ, ಹೊಲದ ಆಳುಗಳಿಗೆ ರಕ್ಷಣೆಯನ್ನೂ, ಸಂಬಳಸಹಿತವಾದ ರಜೆಯನ್ನೂ, ವರ್ಷಕ್ಕೊಂದು ಹೆಚ್ಚಿನ ತಿಂಗಳ ಸಂಬಳವನ್ನೂ ದೊರಕಿಸಿದನು. ೧೯೪೫ರ ಅಕ್ಟೋಬರಿನಲ್ಲಿ ಪ್ರತಿಸ್ಪರ್ಧಿಗಳು ಆತನನ್ನು ಸೆರೆಯಲ್ಲಿಟ್ಟಾಗ, ೧೭ನೆಯ ತಾರೀಖು ಕಾರ್ಖಾನೆಗಳ ಜನರು ರಾಜಧಾನಿಯಾದ ಬ್ಯೂನಸ್ ಐರಿಸ್‌ನ ದೊಡ್ಡ ಚೌಕವನ್ನು ತುಂಬಿ, ಆತನನ್ನು ಬಿಡಿಸಿಕೊಂಡರು. ೧೯೪೬ರಲ್ಲಿ ಆತನು ಚುನಾವಣೆಯಿಂದಲೇ ಅಧ್ಯಕ್ಷನಾದನು. ಹೀಗೆ ಆ ನಿಷ್ಠೆಯ ಬುಡದಲ್ಲಿ ಇದ್ದುದು ಬರಿಯ ಭ್ರಮೆಯಲ್ಲ, ಕೈಗೆ ಬಂದ ಲಾಭ. ಅದಕ್ಕಿಂತ ಮಿಗಿಲಾಗಿ, ಮೊದಲ ಬಾರಿಗೆ ದೊರೆತ ಮರ್ಯಾದೆ.

ಆತನು ಸಾಧುಪುರುಷನಾಗಿದ್ದನೆಂದು ಇದರ ಅರ್ಥವಲ್ಲ. ಒಬ್ಬನೇ ಮತ್ತೆ ಮತ್ತೆ ಅಧ್ಯಕ್ಷನಾಗಲು ಅವಕಾಶವಾಗುವಂತೆ ೧೯೪೯ರಲ್ಲಿ ರಾಜ್ಯಾಂಗವನ್ನೇ ತಿದ್ದಿಸಿದನು; ವಿರೋಧಪಕ್ಷದ ಮುಖಂಡನನ್ನು ಸೆರೆಮನೆಗೆ ಕಳುಹಿಸಿದನು; ೧೯೫೧ರಲ್ಲಿ 'ಲಾ ಪ್ರೆನ್ಸಾ' ಎಂಬ ಹಳೆಯ ಪತ್ರಿಕೆಯನ್ನು ಕಸಿದುಕೊಂಡನು. ಜನರ ಪ್ರೀತಿಗೆ ಪಾತ್ರಳಾಗಿದ್ದ ಪತ್ನಿ ಎವಿಟಾ ೧೯೫೨ರಲ್ಲಿ ತನ್ನ ೩೩ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಮೇಲೆ ಕ್ರೈಸ್ತ ಮಠದೊಡನೆ ವೈರ ಬೆಳೆಯಿತು. ೧೯೫೫ರ ಜೂನ್ ೧೬ರಂದು ನೌಕಾದಳದ ವಿಮಾನಗಳು ನಗರದ ಚೌಕದ ಮೇಲೆ ಬಾಂಬುಗಳನ್ನು ಸುರಿಸಿ ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದವು. ಸೆಪ್ಟೆಂಬರಿನಲ್ಲಿ ಸೈನ್ಯವು ದಂಗೆಯೆದ್ದಿತು. ಪೆರೋನನು ಪರಾಗ್ವೆ ದೇಶದ ಯುದ್ಧನೌಕೆಯೊಂದನ್ನು ಹೊಕ್ಕು ಪಾರಾದನು. ಹಲವು ದೇಶಗಳನ್ನು ಸುತ್ತಿ ೧೯೬೦ರಲ್ಲಿ ಸ್ಪೇನನ್ನು ಸೇರಿದನು.

ಇಲ್ಲಿ ಒಂದಂಶವನ್ನು ಮುಖ್ಯವಾಗಿ ಗಮನಿಸಬೇಕು. ಆತನನ್ನು ಇಳಿಸಿದುದು ಮತವಲ್ಲ, ಬಂದೂಕು. ಆದುದರಿಂದ ತಮ್ಮ ನಾಯಕನು ಸೋತನೆಂದು ಅನುಯಾಯಿಗಳು ಒಪ್ಪಬೇಕಾದ ಸಂದರ್ಭವೇ ಒದಗಲಿಲ್ಲ. ತಾವು ಕೊಟ್ಟುದನ್ನು ಇತರರು ಕಿತ್ತುಕೊಂಡರೆಂಬ ಕೊರಗು ಅವರಲ್ಲಿ ಉಳಿಯಿತು. ಕೊರಗಿಗಿರುವಷ್ಟು ಆಯುಸ್ಸು ಕೃತಜ್ಞತೆಗೂ ಇಲ್ಲ.

ಗೆದ್ದವರು ಈ ಕೊರಗಿಗೆ ನೀರೆರೆದರು. ೧೯೫೬ರ ಮಾರ್ಚಿಯಲ್ಲಿ ಜನರಲ್ ಅರಂಬುರುವಿನ ಸರ್ಕಾರವು ಹೊರಡಿಸಿದ ೪೧೬೧ನೆಯ ಆಜ್ಞೆಯ ಪ್ರಕಾರ, ಪೆರೋನನ ಹೆಸರನ್ನು ಬಳಸುವುದೂ, ಆತನ ಚಿತ್ರವನ್ನು ಪ್ರದರ್ಶಿಸುವುದೂ, ಪಕ್ಷದ ಗೀತೆಯನ್ನು ಹಾಡುವುದೂ ಅಪರಾಧವಾಯಿತು. ಎವಿಟಾಳ ದೇಹವನ್ನು ಕದ್ದೊಯ್ದು, ಇಟಲಿಯ ಮಿಲಾನ್ ನಗರದಲ್ಲಿ ಬೇರೆ ಹೆಸರಿನಿಂದ ಹೂಳಿಟ್ಟರು; ಅದು ಪೆರೋನನ ಕೈಸೇರಿದುದು ೧೯೭೧ರಲ್ಲಿ. ಹೀಗೆ ಬಾಯಿಂದ ತೆಗೆದುಹಾಕಿದ ಹೆಸರು ಎದೆಯೊಳಗೆ ಇಳಿಯಿತು. ಆಳುವಾಗ ಮಾಡಿದ ತಪ್ಪುಗಳು ಮರೆತುಹೋಗಿ, ಆತನು ಅನ್ಯಾಯಕ್ಕೆ ಗುರಿಯಾದವನೆಂಬುದೊಂದೇ ನೆನಪಾಯಿತು.

ಇನ್ನು ಆತನ ಉಪಾಯಗಳನ್ನು ನೋಡೋಣ. ಮೊದಲನೆಯದು, ತನ್ನ ಬಲವನ್ನು ಎಣಿಸಿ ತೋರಿಸುವುದು. ಪಕ್ಷಕ್ಕೆ ನಿಷೇಧವಿದ್ದುದರಿಂದ, ೧೯೫೭ರ ಚುನಾವಣೆಯಲ್ಲಿ ಏನನ್ನೂ ಗುರುತುಮಾಡದ ಖಾಲಿ ಮತಪತ್ರಗಳನ್ನು ಹಾಕಿರೆಂದು ಆಜ್ಞೆ ಬಂದಿತು. ಸುಮಾರು ನೂರಕ್ಕೆ ೨೪ ಮತಪತ್ರಗಳು ಖಾಲಿಯಾಗಿ ಬಂದವು. ಯಾವೊಂದು ಪಕ್ಷಕ್ಕೂ ಅಷ್ಟು ಮತಗಳು ದೊರೆಯಲಿಲ್ಲ! ಮರುವರ್ಷ ಅದೇ ಮತಗಳನ್ನು ಫ್ರೊಂಡಿಸಿ ಎಂಬಾತನಿಗೆ ಕೊಡಿಸಿ ಅಧ್ಯಕ್ಷನನ್ನಾಗಿ ಮಾಡಿದನು. ೧೯೬೨ರಲ್ಲಿ ಪೆರೋನನ ಕಡೆಯವರು ಪ್ರಾಂತದ ಚುನಾವಣೆಗಳಲ್ಲಿ ಗೆದ್ದೊಡನೆ, ಸೈನ್ಯವು ಫ್ರೊಂಡಿಸಿಯನ್ನೇ ಉರುಳಿಸಿತು. ತಾನು ಆಳಲಾರದವನು ಇತರರು ಆಳದಂತೆ ಮಾಡಬಲ್ಲನೆಂದು ಸಿದ್ಧವಾಯಿತು.

ಎರಡನೆಯದು, ಎಲ್ಲರಿಗೂ ಒಪ್ಪಿಗೆ ಕೊಡುವುದು. ಶ್ರೀರಾಮನ ಪಾದುಕೆಗಳನ್ನು ಸಿಂಹಾಸನದಲ್ಲಿಟ್ಟು ಭರತನು ರಾಜ್ಯಭಾರ ಮಾಡಿದನಷ್ಟೆ. ಅಲ್ಲಿ ಪಾದುಕೆಗಳು ಒಂದೇ ಜೊತೆ, ಭರತನೂ ಒಬ್ಬನೇ. ಪೆರೋನನಾದರೋ ಕೇಳಿದವರಿಗೆಲ್ಲ ಒಂದೊಂದು ಜೊತೆ ಪಾದುಕೆಗಳನ್ನು ಕಳುಹಿಸಿದನು. ಮ್ಯಾಡ್ರಿಡ್ಡಿನ ಆತನ ಮನೆಗೆ ಹೋದ ಕಾರ್ಮಿಕ ಮುಖಂಡನೂ, ಸಂಪ್ರದಾಯವಾದಿಯೂ, ಕ್ರಾಂತಿಯ ಕನಸು ಕಾಣುವ ತರುಣನೂ ನಾಯಕನು ತನ್ನ ಕಡೆಯವನೆಂದೇ ನಂಬಿ ಹಿಂದಿರುಗುತ್ತಿದ್ದರು. ಪತ್ರಗಳಲ್ಲಿಯೂ, ಧ್ವನಿಮುದ್ರಿಕೆಗಳಲ್ಲಿಯೂ ಪ್ರತಿಯೊಬ್ಬನಿಗೆ ಬೇಕಾದ ಮಾತು ಇರುತ್ತಿತ್ತು. ಆಳುವವನು ಒಂದು ತೀರ್ಮಾನ ಮಾಡಿದರೆ ಅರ್ಧ ಜನರು ಮುನಿಯುತ್ತಾರೆ. ದೂರದಲ್ಲಿರುವವನಿಗೆ ಆ ಕಷ್ಟವಿಲ್ಲ.

ಮೂರನೆಯದು, ಉತ್ತರಾಧಿಕಾರಿಯನ್ನು ಬೆಳೆಯಗೊಡದಿರುವುದು. ಲೋಹಕಾರ್ಮಿಕರ ಸಂಘದ ವಾಂದೋರ್ ಎಂಬ ಮುಖಂಡನು, ಪೆರೋನನಿಲ್ಲದೆಯೇ ಪೆರೋನನ ಪಕ್ಷವನ್ನು ನಡೆಸಬಹುದೆಂದು ಎಣಿಸಿದನು. ಕೂಡಲೇ ಪೆರೋನನು ತನ್ನ ಮೂರನೆಯ ಪತ್ನಿ ಇಸಬೆಲ್ಲಳನ್ನು ದೇಶಕ್ಕೆ ಕಳುಹಿಸಿದನು. ೧೯೬೬ರಲ್ಲಿ ಮೆಂಡೋಸಾ ಪ್ರಾಂತದ ಚುನಾವಣೆಯಲ್ಲಿ ವಾಂದೋರನ ಅಭ್ಯರ್ಥಿಗೂ ಪೆರೋನನ ಅಭ್ಯರ್ಥಿಗೂ ಸ್ಪರ್ಧೆ ನಡೆದು, ಇಬ್ಬರ ಜಗಳದಲ್ಲಿ ಮೂರನೆಯವನು ಗೆದ್ದನು. ಆದರೆ ಪೆರೋನನ ಅಭ್ಯರ್ಥಿಗೆ ವಾಂದೋರನ ಅಭ್ಯರ್ಥಿಗಿಂತ ಹೆಚ್ಚು ಮತಗಳು ಬಂದಿದ್ದವು. ಸ್ಥಾನ ಕೈತಪ್ಪಿದರೂ ನಾಯಕನಿಗೆ ಬೇಕಾದುದು ದೊರೆತಂತಾಯಿತು.

ಈ ಉಪಾಯಗಳ ಬೆಲೆಯನ್ನು ತೆತ್ತವರು ಅನುಯಾಯಿಗಳೇ. ೧೯೭೩ರ ಜೂನ್ ೨೦ರಂದು ಆತನು ಶಾಶ್ವತವಾಗಿ ಹಿಂದಿರುಗುವಾಗ, ಎಸೈಸಾ ವಿಮಾನ ನಿಲ್ದಾಣದ ಬಳಿ ಲಕ್ಷಾಂತರ ಜನರು ನೆರೆದಿದ್ದರು. ಒಂದೇ ನಾಯಕನ ಹೆಸರನ್ನು ಕೂಗುತ್ತಿದ್ದ ಎರಡು ಪಂಗಡಗಳ ನಡುವೆ ಗುಂಡುಗಳು ಹಾರಿದವು. ಹದಿಮೂರು ಮಂದಿಯಾದರೂ ಸತ್ತರು. ವಿಮಾನವು ಬೇರೆ ನಿಲ್ದಾಣದಲ್ಲಿ ಇಳಿಯಿತು. ಸೆಪ್ಟೆಂಬರಿನಲ್ಲಿ ನೂರಕ್ಕೆ ಸುಮಾರು ೬೨ ಮತಗಳನ್ನು ಪಡೆದು ಆತನು ಮತ್ತೆ ಅಧ್ಯಕ್ಷನಾದನು. ಆದರೆ ಈಗ ದೂರವಿರಲಿಲ್ಲ. ಒಂದು ಕಡೆಯನ್ನು ಆರಿಸಲೇಬೇಕಾಯಿತು. ೧೯೭೪ರ ಮೇ ಒಂದರಂದು ತರುಣರನ್ನು ಬಹಿರಂಗವಾಗಿ ಹಳಿದನು. ಅವರು ಚೌಕವನ್ನು ಬಿಟ್ಟು ಹೊರಟುಹೋದರು. ಜುಲೈ ಒಂದರಂದು ಆತನು ತೀರಿಕೊಂಡನು. ಬೇರೊಬ್ಬ ಸಮರ್ಥನನ್ನು ಬೆಳೆಯಗೊಡದ ಪಕ್ಷದಲ್ಲಿ ಪೀಠವು ಉಪಾಧ್ಯಕ್ಷೆಯಾಗಿದ್ದ ಇಸಬೆಲ್ಲಳ ಪಾಲಾಯಿತು. ೧೯೭೬ರ ಮಾರ್ಚ್ ೨೪ರಂದು ಸೈನ್ಯವು ಆಕೆಯನ್ನು ತೆಗೆದುಹಾಕಿತು. ಆಮೇಲಿನ ವರ್ಷಗಳಲ್ಲಿ ಸಾವಿರಾರು ಮಂದಿ, ಬಹುಮಟ್ಟಿಗೆ ತರುಣ ತರುಣಿಯರು, ಹೇಳಹೆಸರಿಲ್ಲದಂತೆ ಮಾಯವಾದರು.

ಹಾಗಾದರೆ ಇಂತಹ ಬಲವನ್ನು ಮಿತಿಯಲ್ಲಿಡುವುದು ಹೇಗೆ? ಇದಕ್ಕೆ ಉತ್ತರವನ್ನು ಆ ದೇಶದ ಮುಂದಿನ ಚರಿತ್ರೆಯೇ ಕೊಡುತ್ತದೆ. ೧೯೮೩ರ ಅಕ್ಟೋಬರಿನಲ್ಲಿ, ಯಾರಿಗೂ ನಿಷೇಧವಿಲ್ಲದ ಚುನಾವಣೆಯಲ್ಲಿ, ರಾಡಿಕಲ್ ಪಕ್ಷದ ಆಲ್ಫೊನ್ಸಿನನು ಪೆರೋನನ ಪಕ್ಷವನ್ನು ಸೋಲಿಸಿದನು. ಮುಕ್ತವಾದ ಅಧ್ಯಕ್ಷ ಚುನಾವಣೆಯಲ್ಲಿ ಆ ಪಕ್ಷಕ್ಕೆ ಅದೇ ಮೊದಲ ಸೋಲು. ದೂರಲು ಬಂದೂಕು ಇರಲಿಲ್ಲ. ತಮ್ಮ ತಪ್ಪನ್ನು ತಾವೇ ಹುಡುಕಬೇಕಾಯಿತು. ೧೯೮೮ರಲ್ಲಿ ಪಕ್ಷದ ಸದಸ್ಯರು, ದೂರದಿಂದ ಬಂದ ಪತ್ರವನ್ನು ಕಾಯದೆ, ತಮ್ಮ ಮತದಿಂದಲೇ ಕಾಫಿಯೆರೊ, ಮೆನೆಮ್ ಎಂಬಿಬ್ಬರಲ್ಲಿ ಮೆನೆಮನನ್ನು ಅಭ್ಯರ್ಥಿಯಾಗಿ ಆರಿಸಿದರು. ಮರುವರ್ಷ ಆ ಪಕ್ಷ ಗೆದ್ದಿತು. ಆಜ್ಞೆಯೂ ಬಾಂಬೂ ಮಾಡಲಾರದ ಕೆಲಸವನ್ನು ಮತಪೆಟ್ಟಿಗೆ ಮಾಡಿತು.

ಸೋತವನನ್ನು ಹುತಾತ್ಮನನ್ನಾಗಿ ಮಾಡದಿರುವುದು ಗೆದ್ದವರ ವಿವೇಕ. ಆತನು ತಪ್ಪುಮಾಡಿದ್ದರೆ ಎಲ್ಲರಿಗೂ ಅನ್ವಯಿಸುವ ಕಾನೂನಿನಿಂದ ವಿಚಾರಣೆಯಾಗಲಿ. ಆತನ ಜನರ ಬಾಯನ್ನು ಕಟ್ಟುವುದು ಬೇಡ, ಆ ಜನರಿಗೆ ದೊರೆತಿದ್ದ ಮರ್ಯಾದೆಯನ್ನು ಕಸಿಯುವುದಂತೂ ಬೇಡವೇ ಬೇಡ. ಅನುಯಾಯಿಗಳೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ನಾವು ಕಾಯುತ್ತಿರುವುದು ನಮಗೆ ದೊರೆತ ಹಕ್ಕನ್ನೋ, ಅದನ್ನು ಕೊಟ್ಟ ಕೈಯನ್ನೋ? ಕೈ ಎಂದಾದರೊಂದು ದಿನ ಬಿದ್ದುಹೋಗುವುದು. ಹಕ್ಕು ಉಳಿಯಬೇಕಾದರೆ ಅದನ್ನು ಹಿಡಿದು ನಿಲ್ಲುವ ಬೇರೆ ಕೈಗಳು ಅಷ್ಟರೊಳಗೆ ಬೆಳೆದಿರಬೇಕು.